ಪ್ರೊಡ್ಯೂಸರ್ ಆಗಲು ಡಿಗ್ರಿ ಬೇಕೇ, ದುಡ್ಡು ಬೇಕೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮನೆಯವರು ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ ಕಾಮರ್ಸ್. ಸಿ.ಎ. ಮಾಡುತ್ತಾಳೆ ಅಂದುಕೊಂಡಿದ್ದೆವು. ಈಗ ಸಿನಿಮಾ ಮತ್ತು ಟಿವಿ ನಿರ್ಮಾಣದಲ್ಲಿ ಡಿಗ್ರಿ ಮಾಡುತ್ತೇನೆ ಅನ್ನುತ್ತಿದ್ದಾಳೆ. ನಟನೆ ಅಲ್ಲ, ನಿರ್ದೇಶನವೂ ಅಲ್ಲ, ಪ್ರೊಡ್ಯೂಸರ್ ಆಗಬೇಕಂತೆ. ಕೋಟಿ ಇದ್ದವರು ಪ್ರೊಡ್ಯೂಸರ್ ಆಗುತ್ತಾರೆ, ಅದರಲ್ಲಿ ಓದುವುದು ಏನಿದೆ ಎಂದು ಅವಳ ಅಪ್ಪ ಕೇಳುತ್ತಾರೆ. ಬೆಂಗಳೂರಿನ ಒಂದು ಸಂಸ್ಥೆಯವರು ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದಿದ್ದಾರೆ. ಮೂರು ವರ್ಷಕ್ಕೆ ಹಾಸ್ಟೆಲ್ ಸೇರಿ 18 ಲಕ್ಷ ಆಗುತ್ತದೆ. ಸಾಲ ಮಾಡದೆ ಆಗದು. ಹೆಣ್ಣುಮಗು, ರಾತ್ರಿ ಶೂಟಿಂಗ್ ಎಂದು ನೆಂಟರು ಹೆದರಿಸುತ್ತಾರೆ. ಕಾಲೇಜಿನ ನಾಟಕಕ್ಕೆ ಚಂದಾ ಎತ್ತಿದ್ದು, ವೇಷಭೂಷಣ ತರಿಸಿದ್ದು, ಕೊನೆಗೆ ಉಳಿದ ದುಡ್ಡಿನ ಲೆಕ್ಕ ಒಪ್ಪಿಸಿದ್ದು ಎಲ್ಲ ಅವಳೇ. ಏನು ಮಾಡಲಿ ತಿಳಿಯುತ್ತಿಲ್ಲ.

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನಾಟಕದ ಮಾತು. ಚಂದಾ ಎತ್ತುವವರು ಬಹಳ ಜನ ಸಿಗುತ್ತಾರೆ. ನಾಟಕ ಮುಗಿದ ಮೇಲೆ ಕುಳಿತು ಲೆಕ್ಕ ಒಪ್ಪಿಸುವವರು ಕಡಿಮೆ. ನಿಮ್ಮ ಮಗಳಿಗೆ ಈ ಕೆಲಸದ ಒಲವು ನಿಜವಾಗಿಯೂ ಇದೆ ಎಂದು ನನಗೆ ಅನಿಸುತ್ತದೆ. ಆದರೆ ಒಲವು ಇದೆ ಎಂದ ಮಾತ್ರಕ್ಕೆ 18 ಲಕ್ಷ ಸಾಲ ಮಾಡಬೇಕು ಎಂದಲ್ಲ. ಇವೆರಡು ಬೇರೆ ಬೇರೆ ಪ್ರಶ್ನೆ. ನಿಮ್ಮ ಮನೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ, ಅದಕ್ಕೇ ಇಷ್ಟು ಗೊಂದಲ.

ಮೊದಲು ಅವಳ ಅಪ್ಪನ ಮಾತಿಗೆ ಬರುತ್ತೇನೆ. ದುಡ್ಡಿದ್ದವರು ಮಾತ್ರ ಪ್ರೊಡ್ಯೂಸರ್ ಎಂಬುದು ಪೂರ್ತಿ ಸುಳ್ಳಲ್ಲ. ಕನ್ನಡದಲ್ಲಿ ಬೇರೆ ವ್ಯಾಪಾರದಲ್ಲಿ ದುಡ್ಡು ಮಾಡಿ, ಆಸೆಗೆ ಒಂದು ಸಿನಿಮಾ ತೆಗೆದು, ಕಳೆದುಕೊಂಡು ವಾಪಸ್ ಹೋದವರು ತುಂಬಾ ಜನ. ಪತ್ರಿಕೆಯಲ್ಲಿ ಕಾಣುವುದು ಅವರ ಹೆಸರೇ. ಆದರೆ ಕಾನೂನು ಏನು ಹೇಳುತ್ತದೆ ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಿನಿಮಾದ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. ನಿರ್ಮಾಪಕ ಯಾರು ಎಂಬುದನ್ನೂ ಅದೇ ಕಾಯ್ದೆ ಹೇಳುತ್ತದೆ: ಸಿನಿಮಾ ಮಾಡಲು ಮುಂದಾಗಿ, ಅದರ ಹೊಣೆ ಹೊತ್ತವರು. ಅಲ್ಲಿ ದುಡ್ಡಿನ ಮಾತೇ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಯಕ್ಷಗಾನ ಮೇಳದ ಯಜಮಾನರನ್ನು ನೆನೆಸಿಕೊಳ್ಳಿ. ತಿರುಗಾಟ ಶುರುವಾಗುವ ಮೊದಲೇ ಕಲಾವಿದರನ್ನು ಗೊತ್ತು ಮಾಡಿ ಮುಂಗಡ ಕೊಡಬೇಕು. ಯಾವ ಊರಲ್ಲಿ ಯಾವತ್ತು ಆಟ, ಯಾವ ಪ್ರಸಂಗ ಹಾಕಿದರೆ ಜನ ಬರುತ್ತಾರೆ, ವೇಷದ ಪೆಟ್ಟಿಗೆ ಹೊತ್ತ ಗಾಡಿ ಎಷ್ಟು ಹೊತ್ತಿಗೆ ತಲುಪಬೇಕು, ವೇಷ ಕಟ್ಟುವ ಚೌಕಿಯಲ್ಲಿ ಊಟ ಯಾರದು, ಎಲ್ಲ ಅವರ ತಲೆಯ ಮೇಲೆ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರು ದೊಡ್ಡ ಕಲಾವಿದರೂ ಹೌದು, ಮೇಳವನ್ನು ನಡೆಸಿದವರೂ ಹೌದು. ನಿಮ್ಮ ಮಗಳು ಕೇಳುತ್ತಿರುವುದು ಈ ನಡೆಸುವ ಕೆಲಸವನ್ನು.

ಹಾಗಾದರೆ ದುಡ್ಡು ಎಲ್ಲಿಂದ ಬರುತ್ತದೆ? ಸಿನಿಮಾಕ್ಕೆ ಹಲವು ದಾರಿಗಳಿವೆ. ಬಡ್ಡಿಗೆ ಕೊಡುವ ಫೈನಾನ್ಸಿಯರ್ ಇದ್ದಾರೆ. ವಿತರಕರ ಮುಂಗಡ ಇದೆ. ಸ್ಯಾಟಲೈಟ್ (ಟಿವಿ), ಡಿಜಿಟಲ್ (ಒಟಿಟಿ), ಆಡಿಯೋ, ಡಬ್ಬಿಂಗ್ ಹಕ್ಕುಗಳ ಮಾರಾಟ ಇದೆ. ಆಯ್ಕೆಯಾದ ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರದ ಸಹಾಯಧನ ಸಿಗುತ್ತದೆ, ಅದು ಬರುವುದು ಸಿನಿಮಾ ಮುಗಿದು ಎಷ್ಟೋ ಕಾಲದ ಮೇಲೆ. ಧಾರಾವಾಹಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಚಾನೆಲ್ ಒಂದು ಕಂತಿಗೆ ಇಷ್ಟು ಎಂದು ನಿರ್ಮಾಣ ಸಂಸ್ಥೆಗೆ ಕೊಡುತ್ತದೆ. ಆದರೆ ಆ ದುಡ್ಡು ಕೈಗೆ ಬರುವುದು ಕಂತು ಒಪ್ಪಿಸಿ ವಾರಗಳು ಕಳೆದ ಮೇಲೆ. ಅಲ್ಲಿಯವರೆಗೆ ಕಲಾವಿದರ ಸಂಭಾವನೆ, ಲೈಟ್‌ನವರ ಬಾಟಾ (ದಿನಭತ್ಯೆ), ಶೂಟಿಂಗ್ ಮನೆಯ ಬಾಡಿಗೆ, ಊಟ ಎಲ್ಲ ನಡೆಯಬೇಕು. ಧಾರಾವಾಹಿ ಮಾಡುವವರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಥೆ ಚೆನ್ನಾಗಿರುತ್ತದೆ, ರೇಟಿಂಗ್ ಕೂಡ ಬರುತ್ತದೆ, ಕೈಯಲ್ಲಿ ದುಡ್ಡು ಓಡುವುದಿಲ್ಲ. ಕಾಮರ್ಸ್ ಓದಿದ ಹುಡುಗಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಈ ಕೋರ್ಸಿಗೆ ಇಂಥದ್ದೇ ವಿಷಯ ಓದಿರಬೇಕು ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ.

ಓದುವುದು ಏನಿದೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಪಠ್ಯಕ್ರಮದ ಪಟ್ಟಿ ಕೊಟ್ಟರೆ ಉಪಯೋಗವಿಲ್ಲ. ನಾನು ತರಗತಿಯಲ್ಲಿ ಕೊಡುವ ಒಂದು ಅಭ್ಯಾಸವನ್ನೇ ಹೇಳುತ್ತೇನೆ. ಚಿತ್ರಕಥೆಯಲ್ಲಿ ಒಂದೇ ಸಾಲು ಇದೆ ಅನ್ನಿ: 'ತದಡಿ ಬಂದರು. ನಸುಕು. ಜೋರು ಮಳೆ. ಮೀನು ತುಂಬಿಕೊಂಡು ಬೋಟುಗಳು ವಾಪಸಾಗುತ್ತಿವೆ.' ಬರೆದವರಿಗೆ ಅರ್ಧ ನಿಮಿಷದ ಕೆಲಸ. ಪ್ರೊಡ್ಯೂಸರ್ ಇದನ್ನು ಬಿಡಿಸಿ ಓದಬೇಕು.

ಜೋರು ಮಳೆ ಎಂದರೆ ಜೂನ್, ಜುಲೈ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುತ್ತವೆ, ಎಷ್ಟೋ ಮಂದಿ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಅಂದರೆ ಸಾಲಿನಲ್ಲಿರುವ ಎರಡು ಸಂಗತಿ ಒಟ್ಟಿಗೆ ಸಿಗುವುದೇ ಇಲ್ಲ. ಈಗ ಏನು ಮಾಡಬೇಕು? ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಒಳಗೆ ಹೋದರೆ ಬೋಟೂ ಇರುತ್ತದೆ, ಮಳೆಯೂ ಬರಬಹುದು. ಬರದಿದ್ದರೆ ಯೂನಿಟ್, ಅಂದರೆ ಚಿತ್ರತಂಡ, ಕುಳಿತು ಉಣ್ಣುತ್ತದೆ. ಡಿಸೆಂಬರ್‌ನಲ್ಲಿ ಹೋಗಿ ಟ್ಯಾಂಕರ್ ತಂದು ಮಳೆ ಸುರಿಸಬಹುದು. ಆಗ ಗೋಕರ್ಣದ ಸುತ್ತಮುತ್ತ ಪ್ರವಾಸಿಗರ ಕಾಲ, ಲಾಡ್ಜ್ ಬಾಡಿಗೆ ಏರಿರುತ್ತದೆ. ಇಲ್ಲವೇ ನಿರ್ದೇಶಕರ ಬಳಿ ಹೋಗಿ, ಯಾಂತ್ರಿಕ ಬೋಟ್ ಬದಲು ನಾಡದೋಣಿ ಆದರೆ ಕಥೆಗೆ ನಷ್ಟವೇ ಎಂದು ಕೇಳಬಹುದು. ಸಾಂಪ್ರದಾಯಿಕ ನಾಡದೋಣಿಗಳಿಗೆ ಆ ನಿಷೇಧ ಇಲ್ಲ. ಎಷ್ಟೋ ಸಲ ಇಂಥ ಪ್ರಶ್ನೆಯಿಂದ ದೃಶ್ಯ ಇನ್ನೂ ಚೆನ್ನಾಗಿ ಆಗುತ್ತದೆ. ಕಥೆ ಗೊತ್ತಿಲ್ಲದ ಮ್ಯಾನೇಜರ್ ದೃಶ್ಯವನ್ನೇ ಕತ್ತರಿಸಿ ಅನ್ನುತ್ತಾನೆ. ಕಥೆ ಅರ್ಥವಾದ ಪ್ರೊಡ್ಯೂಸರ್ ದೋಣಿ ಬದಲಾಯಿಸುತ್ತಾಳೆ.

ಇನ್ನೂ ಇದೆ. ನಸುಕಿನ ಬೆಳಕು ಒಂದು ಗಂಟೆಯೂ ಇರುವುದಿಲ್ಲ. ತದಡಿ ಇರುವುದು ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಅಲ್ಲಿ ಬೋಟ್ ಒಳಗೆ ಬರುವುದಕ್ಕೆ ಉಬ್ಬರ ನೋಡಬೇಕು. ಉಬ್ಬರವೂ ನಸುಕೂ ಒಂದೇ ಹೊತ್ತಿಗೆ ಬೀಳುವ ದಿನ ಹುಡುಕಬೇಕು, ಒಂದೇ ಬೆಳಿಗ್ಗೆಗೆ ಮುಗಿಯುತ್ತದೆ ಎಂದು ನಂಬಬಾರದು. ಬೋಟ್ ಮಾಲೀಕರಿಗೆ ಬಾಡಿಗೆ ಮಾತ್ರ ಕೊಟ್ಟರೆ ಸಾಲದು, ಆ ದಿನದ ಮೀನಿನ ದುಡಿಮೆಯೂ ಹೋಗುತ್ತದಲ್ವಾ? ಬಂದರಿನಲ್ಲಿ ಮೀನುಗಾರಿಕೆ ಇಲಾಖೆಯ ಒಪ್ಪಿಗೆ, ಊರಿನ ಮೀನುಗಾರರ ಮುಖಂಡರ ಜೊತೆ ಮಾತು. ನೀರಿಗಿಳಿಯುವ ಎಲ್ಲರಿಗೂ ಲೈಫ್ ಜಾಕೆಟ್, ವಿಮೆ. ಡ್ರೋನ್ ಬೇಕು ಅಂದರೆ 2021ರ ಡ್ರೋನ್ ನಿಯಮಗಳನ್ನು ನೋಡಬೇಕು. ಕಾರವಾರದ ಕಡೆ ಹೋದರೆ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ, ಸುಮ್ನೆ ಹಾರಿಸಲು ಬರುವುದಿಲ್ಲ. ಇದೆಲ್ಲ ಒಂದು ಸಾಲಿಗೆ. ಇಂಥ ಸಾಲುಗಳು ಒಂದು ಚಿತ್ರಕಥೆಯಲ್ಲಿ ನೂರಾರು.

ಒಳ್ಳೆಯ ನಿರ್ಮಾಣದ ಕೋರ್ಸಿನಲ್ಲಿ ಕಲಿಸುವುದು ಇದನ್ನೇ. ಚಿತ್ರಕಥೆ ಓದುವುದು, ಅದನ್ನು ಬಿಡಿಸುವುದು, ಶೆಡ್ಯೂಲ್ ಹಾಕುವುದು, ಬಜೆಟ್ ಬರೆಯುವುದು. ಆಮೇಲೆ ಹಕ್ಕು ಮತ್ತು ಒಪ್ಪಂದ. ಒಬ್ಬರ ಕಥೆಯನ್ನು ಸಿನಿಮಾ ಮಾಡಬೇಕಾದರೆ ಯಾವ ಕಾಗದ ಇರಬೇಕು, ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ರಾಯಧನದ ಹಕ್ಕು ಹೇಗೆ ಉಳಿಯುತ್ತದೆ, ಸೆನ್ಸಾರ್ ಪ್ರಮಾಣಪತ್ರಕ್ಕೆ ಏನೇನು ಒಪ್ಪಿಸಬೇಕು. ಕೊನೆಗೆ ಮಾರಾಟ. ಕನ್ನಡದಲ್ಲಿ ನಾವು ಅತ್ಯಂತ ಕಡಿಮೆ ಕಲಿತಿರುವುದು ಈ ಕೊನೆಯದನ್ನು. ಸಿನಿಮಾ ಮುಗಿದ ಮೇಲೆ ಯಾರಿಗೆ ಮಾರುವುದು ಎಂದು ಯೋಚಿಸುವ ಅಭ್ಯಾಸ ನಮ್ಮದು. ಡಿಜಿಟಲ್ ಹಕ್ಕು ಕೊಳ್ಳುವವರು ಈಗ ಮೊದಲಿನ ಹಾಗೆ ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಕಥೆ ಕೈಗೆ ಬಂದ ದಿನವೇ ನೋಡುಗರು ಯಾರು ಎಂದು ಕೇಳುವ ಹೊಸಬರು ನಮಗೆ ತುಂಬಾ ಬೇಕಾಗಿದ್ದಾರೆ. ನಿಮ್ಮ ಮಗಳಂಥವರು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ನೂರಕ್ಕೆ ನೂರು ಕೆಲಸ ಎಂಬ ಮಾತನ್ನು ಮಾತ್ರ ಬದಿಗಿಡಿ. ಇದು ಒಬ್ಬರ ಮೇಲಿನ ದೂರಲ್ಲ, ಉದ್ಯಮ ಇರುವುದೇ ಹಾಗೆ. ಒಂದು ಸಿನಿಮಾ ಶುರುವಾದಾಗ ಜನ ಸೇರುತ್ತಾರೆ, ಮುಗಿದಾಗ ಚದುರುತ್ತಾರೆ. ಕಾಯಂ ನೌಕರಿ ಇರುವುದು ಚಾನೆಲ್‌ಗಳಲ್ಲಿ, ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲಿ, ಜಾಹೀರಾತು ಕಂಪನಿಗಳಲ್ಲಿ. ಅದೂ ಎಲ್ಲರಿಗೂ ಸಾಕಾಗುವಷ್ಟು ಇಲ್ಲ. ಉಳಿದವರೆಲ್ಲ ಒಂದು ಪ್ರಾಜೆಕ್ಟ್‌ನಿಂದ ಇನ್ನೊಂದಕ್ಕೆ ಹೋಗುವವರು. ಮೊದಲ ಕೆಲಸ ಪ್ರೊಡಕ್ಷನ್ ಅಸಿಸ್ಟೆಂಟ್. ಕಾಲ್‌ಶೀಟ್ (ನಾಳೆ ಯಾರು ಎಲ್ಲಿಗೆ ಎಷ್ಟು ಹೊತ್ತಿಗೆ ಬರಬೇಕೆಂಬ ಹಾಳೆ) ಕಳಿಸುವುದು, ಗಾಡಿ ಹೊಂದಿಸುವುದು, ಬಿಲ್ಲು ಜೋಡಿಸುವುದು. ಸಂಬಳ ಕಡಿಮೆ, ಹೊತ್ತು ಗೊತ್ತಿಲ್ಲ. ಅಲ್ಲಿಂದ ಪ್ರೊಡಕ್ಷನ್ ಮ್ಯಾನೇಜರ್, ಲೈನ್ ಪ್ರೊಡ್ಯೂಸರ್ (ಚಿತ್ರೀಕರಣದ ಖರ್ಚು, ವ್ಯವಸ್ಥೆ ನೋಡುವವರು), ಕಾರ್ಯಕಾರಿ ನಿರ್ಮಾಪಕಿ ಹೀಗೆ ಮೇಲೆ ಹೋಗುತ್ತದೆ. ಡಿಗ್ರಿ ಕೈಯಲ್ಲಿದೆ ಎಂದು ಯಾರೂ ಮೊದಲ ದಿನವೇ ಪ್ರೊಡ್ಯೂಸರ್ ಕುರ್ಚಿ ಕೊಡುವುದಿಲ್ಲ. ಲೆಕ್ಕ ಬಲ್ಲವರಿಗೆ ಒಂದು ಬೇರೆ ಬಾಗಿಲು ಇದೆ: ಪ್ರೊಡಕ್ಷನ್ ಅಕೌಂಟೆಂಟ್. ಟಿಡಿಎಸ್, ಜಿಎಸ್‌ಟಿ ಗೊತ್ತಿದ್ದು ಸೆಟ್ಟಿನ ಖರ್ಚನ್ನು ದಿನದಿನವೂ ಬರೆದಿಡುವವರನ್ನು ನಾವು ಸದಾ ಹುಡುಕುತ್ತಿರುತ್ತೇವೆ.

ನೆಂಟರ ಭಯದ ಬಗ್ಗೆ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೊಸಬರಲ್ಲ. ಎಂ.ವಿ. ರಾಜಮ್ಮ 1940ರ ದಶಕದಲ್ಲೇ ಕನ್ನಡದಲ್ಲಿ ಚಿತ್ರ ನಿರ್ಮಿಸಿದವರು. ಪಾರ್ವತಮ್ಮ ರಾಜ್‌ಕುಮಾರ್ ಹತ್ತಾರು ಚಿತ್ರಗಳನ್ನು ನಡೆಸಿದ ರೀತಿಯನ್ನು ಗಾಂಧಿನಗರದಲ್ಲಿ ಇಂದಿಗೂ ಮಾದರಿಯಾಗಿ ಹೇಳುತ್ತಾರೆ. ಆದರೆ ಭಯಕ್ಕೆ ಕಾರಣವೇ ಇಲ್ಲ ಎಂದು ನಾನು ಹೇಳಲಾರೆ. 2024ರ ಆಗಸ್ಟ್‌ನಲ್ಲಿ ಹೊರಬಂದ ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಕುರಿತ ಕೇರಳದ ಹೇಮಾ ಸಮಿತಿ ವರದಿಯಲ್ಲಿ ಸೆಟ್ಟಿನಲ್ಲಿ ಶೌಚಾಲಯವೂ ಇಲ್ಲದ ಸ್ಥಿತಿಯಿಂದ ಹಿಡಿದು ಕಿರುಕುಳದವರೆಗೆ ಎಲ್ಲ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು ಆ ಸಮಿತಿಯಲ್ಲಿ ಯಾರಿದ್ದಾರೆ, ರಾತ್ರಿ ಮನೆಗೆ ಬಿಡುವ ಗಾಡಿ ಇದೆಯೇ ಎಂದು ಅವಳು ಕೇಳಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸುವ ಜಾಗಕ್ಕೆ ಹೋಗುವುದು ಬೇಡ. ಮುಂದೆ ಅವಳೇ ಪ್ರೊಡ್ಯೂಸರ್ ಆದಾಗ ಇದನ್ನು ಸರಿಪಡಿಸುವ ಅಧಿಕಾರ ಇರುವುದೂ ಅದೇ ಕುರ್ಚಿಗೆ.

ಈಗ ದಾರಿಗಳು. ಪದವಿ ಮಟ್ಟದಲ್ಲಿ ನಿರ್ಮಾಣವನ್ನೇ ಮುಖ್ಯವಾಗಿ ಕಲಿಸುವ ಕಡೆ ನಮ್ಮ ದೇಶದಲ್ಲಿ ಕಡಿಮೆ. ಮುಂಬೈನ ಫಿಲ್ಮ್ ಸಿಟಿಯಲ್ಲಿರುವ ವಿಸ್ಲಿಂಗ್ ವುಡ್ಸ್‌ನಂಥ ಖಾಸಗಿ ಸಂಸ್ಥೆಗಳಿವೆ. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ವಿಷುಯಲ್ ಕಮ್ಯುನಿಕೇಶನ್, ಫಿಲ್ಮ್ ಮೇಕಿಂಗ್ ಪದವಿಗಳಿವೆ, ನಿರ್ಮಾಣ ಅಲ್ಲಿ ಒಂದೆರಡು ವಿಷಯ ಅಷ್ಟೇ. ಹೆಸರಘಟ್ಟದ ಸರ್ಕಾರಿ ಸಂಸ್ಥೆ ಹೆಸರಾಗಿರುವುದು ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾಗಳಿಗೆ, ನಿಮ್ಮ ಮಗಳು ಕೇಳುವುದು ಅದನ್ನಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ನಿರ್ಮಾಣ ಪದವಿಗಳು ಚೆನ್ನಾಗಿವೆ. ಆದರೆ ಹೆಸರಾದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 50,000 ಡಾಲರ್ ದಾಟುತ್ತದೆ. ನಿಮ್ಮ ಮನೆಯ ಸ್ಥಿತಿಗೆ ಅದು ಬೇಡ.

ಇನ್ನೊಂದು ದಾರಿ ಇದೆ, ನನ್ನ ಒಲವೂ ಅದರ ಕಡೆಗೇ. ಕೋಲ್ಕತ್ತಾದ ಸತ್ಯಜಿತ್ ರೇ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಕೇಂದ್ರ ಸರ್ಕಾರದ್ದು. ಅಲ್ಲಿ ಸಿನಿಮಾ ಮತ್ತು ಟಿವಿ ನಿರ್ಮಾಣಕ್ಕೆಂದೇ ಸ್ನಾತಕೋತ್ತರ ಕೋರ್ಸ್ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು, ಸೀಟು ಬೆರಳೆಣಿಕೆಯಷ್ಟು. ಯಾವುದೇ ಪದವಿ ಇದ್ದರೂ ಅರ್ಜಿ ಹಾಕಬಹುದು. ಹಾಗಾಗಿ ಅವಳು ಶಿರಸಿಯಲ್ಲೋ ಧಾರವಾಡದಲ್ಲೋ ಕಡಿಮೆ ಖರ್ಚಿನಲ್ಲಿ ಬಿ.ಕಾಂ. ಮಾಡಿ, ಆ ಮೂರು ವರ್ಷದಲ್ಲಿ ಕೈಗೆ ಕೆಲಸ ಹತ್ತಿಸಿಕೊಂಡು, ಆಮೇಲೆ ಅಲ್ಲಿಗೆ ಪ್ರಯತ್ನಿಸಬಹುದು. ಸೀಟು ಸಿಗದಿದ್ದರೂ ಬಿ.ಕಾಂ. ಕೈಬಿಡುವುದಿಲ್ಲ. ಈ ದಾರಿಯ ಅಪಾಯವನ್ನೂ ಹೇಳಬೇಕು. ಸುತ್ತ ಸಿನಿಮಾ ಮಾಡುವ ಗೆಳೆಯರು ಇರುವುದಿಲ್ಲ, ಕ್ಯಾಮೆರಾ ಇರುವುದಿಲ್ಲ, ಎರಡನೇ ವರ್ಷಕ್ಕೆ ಉತ್ಸಾಹ ತಣ್ಣಗಾಗಬಹುದು. ಫಿಲ್ಮ್ ಕಾಲೇಜಿನ ನಿಜವಾದ ಲಾಭ ಜೊತೆಗಾರರು. ಇವತ್ತು ನಿಮ್ಮ ಜೊತೆ ಕಿರುಚಿತ್ರ ಮಾಡಿದವನೇ ನಾಳೆ ಕೆಲಸಕ್ಕೆ ಕರೆಯುತ್ತಾನೆ.

ಆ ಕೊರತೆ ತುಂಬಿಕೊಳ್ಳಲು ನಮ್ಮ ಜಿಲ್ಲೆ ಕೆಟ್ಟ ಜಾಗವಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಶಿರಸಿಗೆ ದೂರವಲ್ಲ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಗೋವಾದಲ್ಲಿ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಕಾರವಾರದಿಂದ ಪಣಜಿಗೆ ಸುಮಾರು ನೂರು ಕಿಲೋಮೀಟರ್. ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) 2007ರಲ್ಲಿ ಶುರು ಮಾಡಿದ ಫಿಲ್ಮ್ ಬಜಾರ್ ಕೂಡ ಅದೇ ಹೊತ್ತಿಗೆ ಅಲ್ಲೇ ನಡೆಯುತ್ತದೆ. ದೇಶದ ಪ್ರೊಡ್ಯೂಸರ್‌ಗಳು ಕಥೆ ಹಿಡಿದು ದುಡ್ಡು ಹುಡುಕುವುದು ಅಲ್ಲಿ. ವಿದ್ಯಾರ್ಥಿಯಾಗಿ ಚಿತ್ರೋತ್ಸವಕ್ಕೆ ಹೆಸರು ನೋಂದಾಯಿಸಿಕೊಂಡು ಒಮ್ಮೆ ಹೋಗಿಬರಲಿ. ನಮ್ಮ ಘಟ್ಟ, ಕರಾವಳಿಗೆ ಶೂಟಿಂಗ್‌ಗೆ ಬರುವ ಯೂನಿಟ್‌ಗಳಿಗೂ ಸ್ಥಳೀಯ ಸಂಯೋಜಕರು ಬೇಕಾಗುತ್ತಾರೆ. ಯಾಣಕ್ಕೆ ಅರಣ್ಯ ಇಲಾಖೆಯ ಅನುಮತಿ, ಮಿರ್ಜಾನ್ ಕೋಟೆಗೆ ಪುರಾತತ್ವ ಇಲಾಖೆಯ ಅನುಮತಿ, ಇದೆಲ್ಲ ಗೊತ್ತಿರುವ, ಫೋನ್ ಎತ್ತುವ ಒಬ್ಬರು. ರಜೆಯಲ್ಲಿ ಅಂಥ ಕೆಲಸ ಸಿಕ್ಕರೆ ಬಿಡಬಾರದು.

ಬೆಂಗಳೂರಿನ ಆ ಸಂಸ್ಥೆಗೇ ಹೋಗುತ್ತೇನೆ ಎಂದು ಅವಳು ಹಟ ಹಿಡಿದರೆ, ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ? ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ಕೆಲವು ಕಡೆ ಸಂಸ್ಥೆ ಕೊಡುವುದು ಬರೀ ಡಿಪ್ಲೊಮಾ, ಪದವಿ ಬೇರೆಲ್ಲಿಂದಲೋ ದೂರಶಿಕ್ಷಣದಲ್ಲಿ ಬರುತ್ತದೆ. ಆ ಪದವಿಗೆ ಮಾನ್ಯತೆ ಇಲ್ಲ ಎಂಬುದು ಗೊತ್ತಿಲ್ಲದೆ ಸೇರಿದರೆ ಕೋಲ್ಕತ್ತಾದ ಪರೀಕ್ಷೆಗೂ, ಬ್ಯಾಂಕ್ ಪರೀಕ್ಷೆಗೂ ತೊಂದರೆ. ಆಮೇಲೆ, ಹಿಂದಿನ ಬ್ಯಾಚಿನ ವಿದ್ಯಾರ್ಥಿಗಳ ಜೊತೆ ನೇರವಾಗಿ ಮಾತಾಡಿ. ನಿರ್ಮಾಣ ಕಲಿಸುವವರು ಯಾವ ಕೆಲಸ ಮಾಡಿದ್ದಾರೆ, ಒಬ್ಬ ವಿದ್ಯಾರ್ಥಿ ಮೂರು ವರ್ಷದಲ್ಲಿ ಎಷ್ಟು ಚಿತ್ರಗಳಿಗೆ ನಿಜವಾದ ಬಜೆಟ್ ಬರೆದು ಮುಗಿಸುತ್ತಾನೆ, ಉಪಕರಣದ ಖರ್ಚು ಫೀಸಿನಲ್ಲಿದೆಯೇ ಎಂದು ಅವರನ್ನೇ ಕೇಳಿ. ಗ್ಯಾರಂಟಿ ಮಾತನ್ನು ಕಾಗದದಲ್ಲಿ ಕೊಡಿ ಎಂದೂ ಕೇಳಿ.

ಸಾಲದ ವಿಷಯ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಒತ್ತೆ ಬೇಡ. ಅದರ ಮೇಲೆ ಆಸ್ತಿ ಒತ್ತೆ ಕೇಳುತ್ತಾರೆ. ಕೃಷಿ ಭೂಮಿಯನ್ನು ಇದಕ್ಕೆ ಒಪ್ಪದ ಬ್ಯಾಂಕುಗಳೇ ಜಾಸ್ತಿ, ಆಗ ಮನೆಯನ್ನೋ ನಿಮ್ಮ ಠೇವಣಿಯನ್ನೋ ಇಡಬೇಕಾಗುತ್ತದೆ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರು. ಈ ಉದ್ಯಮದಲ್ಲಿ ಆ ಮೊದಲ ವರ್ಷ, ಎರಡನೇ ವರ್ಷವೇ ಅತಿ ಕಡಿಮೆ ಸಂಪಾದನೆಯ ಕಾಲ. ಕಂತು ಕಟ್ಟುವ ಒತ್ತಡಕ್ಕೆ ಹುಡುಗರು ಕಲಿಯುವ ಕೆಲಸ ಬಿಟ್ಟು ಯಾವುದೋ ಆಫೀಸು ಸೇರುವುದನ್ನು ನಾನು ನೋಡಿದ್ದೇನೆ. ಕೋರ್ಸಿಗೆ ಹಾಕಿದ ದುಡ್ಡು ಅಲ್ಲಿಗೆ ನೀರಿಗೆ ಹೋದಂತೆ. ಒತ್ತೆ ಇಲ್ಲದ ಸಾಲ ಮತ್ತು ನಿಮ್ಮ ಉಳಿತಾಯದಲ್ಲಿ ಆಗುವ ಕಾಲೇಜು ಸಿಕ್ಕರೆ ಕಳಿಸಿ. ಮನೆ ಒತ್ತೆ ಇಡಬೇಕಾದರೆ ಕಳಿಸಬೇಡಿ.

ಫಲಿತಾಂಶ ಬರುವವರೆಗೆ ಅವಳಿಗೆ ಒಂದು ಕೆಲಸ ಕೊಡಿ. ನಿಮ್ಮೂರಲ್ಲೇ ನಡೆಯುವ ಐದು ನಿಮಿಷದ ಒಂದು ಕಥೆ ಆರಿಸಿಕೊಳ್ಳಲಿ, ಅವಳದೋ ಗೆಳತಿಯದೋ. ಅದನ್ನು ಎರಡು ದಿನದಲ್ಲಿ ಚಿತ್ರೀಕರಿಸಲು ಬೇಕಾಗುವ ಜನ, ವಸ್ತು, ಅನುಮತಿ, ಊಟ, ಗಾಡಿ, ಖರ್ಚು ಎಲ್ಲವನ್ನೂ ಬರೆಯಲಿ. ಬಾಡಿಗೆ ಎಷ್ಟು ಎಂಬುದನ್ನು ಊಹೆಯಿಂದಲ್ಲ, ಶಿರಸಿ ಪೇಟೆಗೆ ಹೋಗಿ ಕೇಳಿ ಬರೆಯಲಿ. ಮಳೆ ಬಂದರೆ ಏನು ಎಂಬುದಕ್ಕೂ ಒಂದು ಹಾಳೆ ಇರಲಿ. ಈ ಕೆಲಸ ಮಾಡುವಾಗ ಬೇಸರ ಬಂದರೆ ಕೋರ್ಸ್ ಬೇಡ, ಸಿ.ಎ. ಕಡೆ ಹೋಗಲಿ. ರಾತ್ರಿ ಊಟ ಮರೆತು ಕುಳಿತಳು ಎಂದಾದರೆ ಅವಳ ಅಪ್ಪನಿಗೂ ಅದು ಕಾಣುತ್ತದೆ. ಆ ಹಾಳೆಗಳನ್ನು ನನಗೂ ಕಳಿಸಿ, ಎಲ್ಲಿ ಖರ್ಚು ಬಿಟ್ಟುಹೋಗಿದೆ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.